ಹಳೆ ಕಾರಿನ ಪೆಡಲ್ ಮೇಲಿನ ಜಿಡ್ಡು: ಯಾವ ಡಬ್ಬಿ ಕೆಲಸಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ

ಮುಂಬಯಿಯಲ್ಲಿ ಹದಿನೈದು ಮಳೆಗಾಲ ಕಂಡ ಕಾರಿನ ಪೆಡಲ್ ಮೇಲೆ ಕೂತಿರುವುದು ಬರೀ ಧೂಳಲ್ಲ. ಚಪ್ಪಲಿಯ ಅಡಿ ಸವೆದು ಬಿಟ್ಟ ಕಪ್ಪು ರಬ್ಬರ್, ರಸ್ತೆಯ ಡಾಂಬರು, ಕೆಸರು, ಕಡಲ ಗಾಳಿ ತಂದ ಉಪ್ಪು ಎಲ್ಲ ಎಣ್ಣೆ ಪಸೆಯಲ್ಲಿ ಕಲಸಿ ಪದರ ಪದರವಾಗಿ ಗಟ್ಟಿಯಾಗಿರುತ್ತದೆ. ಹೋಟೆಲ್ ನಡೆಸುವವರ ಕಾರಾದರೆ ಅಡುಗೆಮನೆ ನೆಲದ ಎಣ್ಣೆಯೂ ಅದಕ್ಕೆ ಸೇರುತ್ತದೆ. ಚೌತಿಗೋ ಮೇ ತಿಂಗಳ ರಜೆಗೋ ಕೊಂಕಣದ ದಾರಿಯಲ್ಲಿ ಉಡುಪಿ, ಕುಂದಾಪುರದವರೆಗೆ ಹೋಗಿಬಂದ ಕಾರಾದರೆ ಮುರಕಲ್ಲಿನ ಕೆಂಪು ಮಣ್ಣು ಪೆಡಲ್‌ನ ಗೆರೆಗಳ ಸಂದಿಯಲ್ಲಿ ಸಿಮೆಂಟಿನಂತೆ ಕಚ್ಚಿಕೊಂಡಿರುತ್ತದೆ.

ಇದನ್ನು ತೆಗೆಯಲು ಅಂಗಡಿಯಲ್ಲಿ ಹತ್ತಾರು ಡಬ್ಬಿಗಳಿವೆ, ಮನೆಯ ಬಚ್ಚಲಲ್ಲೂ ಐದಾರು ಇರುತ್ತವೆ. ಇಲ್ಲಿ ಅವುಗಳನ್ನು ಅಳೆದಿರುವುದು ಒಂದೇ ಅಳತೆಯಲ್ಲಿ: ಒರೆಸಿ ಮುಗಿಸಿದ ಮೇಲೆ ಲೋಹದ ಮೇಲೆ ಏನು ಉಳಿಯುತ್ತದೆ? ಬಾಗಿಲಿನ ಹಿಡಿಯನ್ನೋ ಬಂಪರನ್ನೋ ಪಾಲಿಶ್ ಮಾಡುವಾಗ ತೆಳ್ಳಗೆ ಎಣ್ಣೆ ಉಳಿದರೆ ನಷ್ಟವಿಲ್ಲ, ಒಳ್ಳೆಯದೇ. ಬ್ರೇಕ್ ಪೆಡಲ್ ಮೇಲೆ ಅದೇ ಎಣ್ಣೆ ಉಳಿದರೆ, ಜುಲೈ ತಿಂಗಳ ಒದ್ದೆ ಚಪ್ಪಲಿ ಸಯಾನ್ ಸರ್ಕಲಿನ ಟ್ರಾಫಿಕ್ಕಿನಲ್ಲಿ ಪಕ್ಕಕ್ಕೆ ಜಾರುತ್ತದೆ.

ಮೊದಲು ಪೆಡಲ್ ಯಾವ ಲೋಹದ್ದೆಂದು ತಿಳಿದುಕೊಳ್ಳಬೇಕು, ಏಕೆಂದರೆ ಒಂದಕ್ಕೆ ಒಗ್ಗಿದ್ದು ಇನ್ನೊಂದನ್ನು ಕೆಡಿಸುತ್ತದೆ. 1983ರಿಂದ 2014ರವರೆಗೆ ಬಂದ ಮಾರುತಿ 800, ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಇಂಥ ಕಾರುಗಳಲ್ಲಿ ಬ್ರೇಕ್ ಮತ್ತು ಕ್ಲಚ್ ಎಂದರೆ ಬಣ್ಣ ಹೊಡೆದ ಉಕ್ಕಿನ ತೋಳು, ಅದರ ತುದಿಯ ತಗಡಿಗೆ ಹಾಕಿದ ರಬ್ಬರ್ ಪ್ಯಾಡ್. ಸ್ಪೋರ್ಟ್ಸ್ ಮಾದರಿಗಳಲ್ಲಿ ಮತ್ತು ಆಮೇಲೆ ಹಾಕಿಸಿಕೊಂಡ ಕವರ್‌ಗಳಲ್ಲಿ ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ತಗಡು ಇದ್ದು, ಅದರ ತೂತುಗಳಿಂದ ಸಣ್ಣ ರಬ್ಬರ್ ಗುಂಡಿಗಳು ಮೇಲೆದ್ದಿರುತ್ತವೆ. ಯಾವ ಲೋಹವೆಂದು ತಿಳಿಯಲು ಫ್ರಿಜ್‌ಗೆ ಅಂಟಿಸುವ ಆಯಸ್ಕಾಂತ ಸಾಕು. ಅಲ್ಯೂಮಿನಿಯಂಗೆ ಅದು ಅಂಟುವುದಿಲ್ಲ, ಮಾಮೂಲಿ ಉಕ್ಕಿಗೆ ಗಟ್ಟಿಯಾಗಿ ಅಂಟುತ್ತದೆ, ಸ್ಟೇನ್‌ಲೆಸ್‌ನಲ್ಲಿ ಕೆಲವಕ್ಕೆ ಅಂಟುತ್ತದೆ, ಕೆಲವಕ್ಕಿಲ್ಲ. ತಗಡು ತೆಳುವಾಗಿದ್ದರೆ ಹಿಂದಿನ ಉಕ್ಕಿನ ತೋಳೇ ಆಯಸ್ಕಾಂತವನ್ನು ಎಳೆದು ಮೋಸ ಮಾಡೀತು, ಆದ್ದರಿಂದ ತಗಡಿನ ಹೊರ ಅಂಚಿನಲ್ಲಿ ಇಟ್ಟು ನೋಡಿ. ತಿರುಪಿನ ಸುತ್ತ ಬಿಳಿ ಹಿಟ್ಟಿನಂಥದ್ದು ಕಂಡರೆ ಅದು ಅಲ್ಯೂಮಿನಿಯಂ ಎಂದೇ ಲೆಕ್ಕ. ಸ್ಟೀಲ್ ತಿರುಪು ಮತ್ತು ಅಲ್ಯೂಮಿನಿಯಂ ತಗಡಿನ ನಡುವೆ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಹೀಗೆ ಬಿಳಿಯಾಗಿ ತಿಂದುಹೋಗುತ್ತದೆ.

ಡಬ್ಬಿ ತೆರೆಯುವ ಮುಂಚೆ ಇನ್ನೊಂದು ಕೆಲಸ, ಇದನ್ನು ಬಿಡಲೇಬಾರದು. ಟಾರ್ಚ್ ಹಿಡಿದು ಪೆಡಲ್ ತೋಳಿನ ಮೇಲ್ಭಾಗವನ್ನು ಬೆರಳಲ್ಲಿ ಸವರಿ. ಒಣ ಜಿಡ್ಡಾದರೆ ಸರಿ. ತೋಳಿನುದ್ದಕ್ಕೂ ಮೇಲಿಂದ ಒದ್ದೆ ಇಳಿದಿದ್ದರೆ, ಅಲ್ಲಲ್ಲಿ ಬಣ್ಣ ಉಬ್ಬಿ ಸುಲಿದಿದ್ದರೆ, ಅದು ಕೊಳೆಯಲ್ಲ, ಬ್ರೇಕ್ ಆಯಿಲ್. ಬೂಸ್ಟರ್ (ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಭಾಗ) ಇಲ್ಲದ ಹಳೆ ಕಾರುಗಳಲ್ಲಿ, ಪೆಡಲಿನ ಒತ್ತನ್ನು ಬ್ರೇಕ್ ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲು ಸವೆದರೆ ಆಯಿಲ್ ಪುಶ್‌ರಾಡ್ (ಪೆಡಲಿಗೆ ಜೋಡಿಸಿದ ಸರಳು) ಹಿಡಿದು ನೇರ ಕ್ಯಾಬಿನ್ನಿಗೆ ಇಳಿಯುತ್ತದೆ. ಬೂಸ್ಟರ್ ಇರುವ ಕಾರಿನಲ್ಲಿ ಅದು ಮೊದಲು ಬೂಸ್ಟರಿನೊಳಗೆ ಹೋಗುವುದರಿಂದ ಪೆಡಲ್ ಒಣಗಿದ್ದರೂ ಬ್ರೇಕ್ ಆಯಿಲ್ ತುಂಬುವ ರಿಸರ್ವಾಯರಿನ ಮಟ್ಟ ಇಳಿಯುತ್ತಿರುತ್ತದೆ. ಆಯಿಲ್ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್ ಇದ್ದರೆ ಕ್ಲಚ್ ತೋಳಿಗೂ ಇದೇ ಮಾತು, ಕೇಬಲ್ ಕ್ಲಚ್ ಆದರೆ ಆ ಚಿಂತೆಯಿಲ್ಲ. ಅನುಮಾನವಿದ್ದರೆ ಬೆರಳಿಗೆ ಹತ್ತಿದ್ದರ ಮೇಲೆ ಎರಡು ಹನಿ ನೀರು ಹಾಕಿ ತಿಕ್ಕಿ. ಗ್ರೀಸು, ಇಂಜಿನ್ ಆಯಿಲ್ ನೀರಿಗೆ ಬಗ್ಗುವುದಿಲ್ಲ, ಆದರೆ ಡಾಟ್ 3, ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ನೀರಲ್ಲಿ ಕರಗಿ ತೊಳೆದುಹೋಗುತ್ತದೆ. ಹಾಗೆ ಕರಗಿದರೆ ಪೆಡಲ್ ಉಜ್ಜುವ ಕೆಲಸ ಅಲ್ಲಿಗೆ ನಿಲ್ಲಿಸಿ ಕಾರನ್ನು ಬ್ರೇಕ್ ಕೆಲಸದವರಿಗೆ ತೋರಿಸಬೇಕು. ಅದನ್ನು ಒರೆಸಿ ಹೊಳೆಯಿಸಿಬಿಟ್ಟರೆ ಅಪಾಯದ ಗುರುತನ್ನೇ ಅಳಿಸಿದಂತಾಗುತ್ತದೆ.

ತಯಾರಿ ದೊಡ್ಡದೇನಲ್ಲ. ಇಂಜಿನ್ ಬಂದ್, ಹ್ಯಾಂಡ್‌ಬ್ರೇಕ್ ಮೇಲೆ, ಎರಡೂ ಬಾಗಿಲು ತೆರೆದಿರಲಿ, ಸೀಟು ಪೂರ್ತಿ ಹಿಂದಕ್ಕೆ, ಮ್ಯಾಟ್ ಹೊರಗೆ. ಕೆಳಗೆ ಹಳೆ ಟವೆಲ್ ಹಾಸಿ. ಬ್ರೇಕ್ ತೋಳಿನ ಮೇಲುಗಡೆ ಬ್ರೇಕ್ ಲೈಟಿನ ಸ್ವಿಚ್ ಇರುತ್ತದೆ, ಎಲೆಕ್ಟ್ರಾನಿಕ್ ಆಕ್ಸಿಲರೇಟರ್ ಇರುವ ಕಾರಿನಲ್ಲಿ ಆ ಪೆಡಲಿಗೇ ಸೆನ್ಸರ್ ಅಂಟಿಕೊಂಡಿರುತ್ತದೆ. ಎರಡನ್ನೂ ಪ್ಲಾಸ್ಟಿಕ್ ಚೀಲದಿಂದ ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿ. ಯಾವ ದ್ರವವನ್ನೂ ನೇರ ಪೆಡಲಿಗೆ ಚಿಮ್ಮಿಸಬೇಡಿ, ಬಟ್ಟೆಗೆ ಹಾಕಿ ಒರೆಸಿ. ಮೇಲಕ್ಕೆ ಚಿಮ್ಮಿದ ಹನಿ ಸ್ವಿಚ್ಚಿನೊಳಗೆ ಇಳಿದರೆ ಬ್ರೇಕ್ ಲೈಟ್ ಸದಾ ಉರಿಯುತ್ತದೆ, ಇಲ್ಲವೆ ಉರಿಯುವುದೇ ಇಲ್ಲ.

ಈಗ ಡಬ್ಬಿಗಳ ವಿಚಾರ. ಎಲ್ಲಕ್ಕಿಂತ ಹೆಚ್ಚು ಕೊಳೆ ತೆಗೆದು ಎಲ್ಲಕ್ಕಿಂತ ಕಡಿಮೆ ಹಾನಿ ಮಾಡುವುದು ಅಡುಗೆಮನೆಯ ಪಾತ್ರೆ ತೊಳೆಯುವ ದ್ರವ, ವಿಮ್ ಆಗಲಿ ಇನ್ನೊಂದಾಗಲಿ. ಅರ್ಧ ಲೀಟರ್ ನೀರು, ಕೈ ತಡೆಯುವಷ್ಟು ಬಿಸಿ, ಅದಕ್ಕೆ ಒಂದು ಟೀ ಚಮಚ. ಇಷ್ಟರಲ್ಲಿ ಮೂರೂ ಪೆಡಲ್ ಮುಗಿದು ಇನ್ನೂ ಉಳಿಯುತ್ತದೆ. ಜನ ತಪ್ಪುವುದು ಆತುರದಲ್ಲಿ. ಬಟ್ಟೆ ಅದ್ದಿ, ಹಿಂಡಿ, ಪೆಡಲಿಗೆ ಸುತ್ತಿ ಹತ್ತು ನಿಮಿಷ ಬಿಡಬೇಕು, ಅಷ್ಟರಲ್ಲಿ ಕೆಂಪುಮಣ್ಣಿನ ಗಟ್ಟಿ ಪದರ ಮೆತ್ತಗಾಗುತ್ತದೆ. ಆಮೇಲೆ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಗೆರೆಗಳ ಉದ್ದಕ್ಕೇ ತಿಕ್ಕಬೇಕು, ಅಡ್ಡಕ್ಕಲ್ಲ. ಅಲ್ಯೂಮಿನಿಯಂ ತಗಡಿನ ಮೇಲೆ ಕಾರ್ಖಾನೆಯಲ್ಲೇ ಒಂದು ದಿಕ್ಕಿಗೆ ಎಳೆದ ನವಿರು ಗೆರೆಗಳಿರುತ್ತವೆ. ಅಡ್ಡಕ್ಕೆ ಉಜ್ಜಿದ ಗೀರು ಮತ್ತೆ ಹೋಗುವುದಿಲ್ಲ. ರಬ್ಬರ್ ಗುಂಡಿಗಳ ಬುಡದ ಕೊಳೆಗೆ ಬಿದಿರಿನ ಕಡ್ಡಿ, ಹಪ್ಪಳ ಸುಡುವ ಕಬ್ಬಿಣದ ಕಡ್ಡಿಯಲ್ಲ. ಎರಡನೇ ಸುತ್ತಿಗೆ ನೀರು ಬದಲಿಸಿ. ಮೊದಲ ಸುತ್ತಿನ ನೀರು ಇದ್ದಿಲು ಕಲಸಿದಂತಾಗಿರುತ್ತದೆ. ಅದರಲ್ಲೇ ಮತ್ತೆ ಅದ್ದಿದರೆ ಕೊಳೆ ಒಂದು ಪೆಡಲಿನಿಂದ ಇನ್ನೊಂದಕ್ಕೆ ಹೋಗುತ್ತದೆ ಅಷ್ಟೆ.

ಇದರ ದೋಷವೂ ಇದೆ. ಸೋಪು ಉಳಿದರೆ ಒಣಗಿದಾಗ ಗೊತ್ತಾಗುವುದಿಲ್ಲ, ಒದ್ದೆ ಚಪ್ಪಲಿ ತಾಗಿದೊಡನೆ ಮತ್ತೆ ನೊರೆಯಾಗಿ ಜಾರುತ್ತದೆ. ಬರಿ ನೀರಿನ ಬಟ್ಟೆಯಲ್ಲಿ ಎರಡು ಸಲ, ಬಟ್ಟೆ ಬದಲಿಸಿ ಒರೆಸಿ. ಮಳೆಗಾಲವಾದರೆ ಹೇರ್ ಡ್ರೈಯರಿನಿಂದ ಒಣಗಿಸಿ, ಮುಂಬಯಿಯ ಜುಲೈ ಗಾಳಿಯಲ್ಲಿ ತಿರುಪಿನ ಸಂದಿ ತಾನಾಗಿ ಒಣಗುವುದಿಲ್ಲ.

ಎರಡನೇ ಡಬ್ಬಿ ಐಸೊಪ್ರೊಪೈಲ್ ಆಲ್ಕೊಹಾಲ್. ಗ್ರಾಂಟ್ ರೋಡ್ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನು ಮಾರುವವರಲ್ಲಿ ಸರ್ಕ್ಯೂಟ್ ಬೋರ್ಡ್ ತೊಳೆಯಲೆಂದು ಸಿಗುತ್ತದೆ. ಕೊಳೆ ತೆಗೆಯುವುದರಲ್ಲಿ ಇದು ಸೋಪುನೀರಿಗೆ ಸಮವಲ್ಲ, ಗಟ್ಟಿ ಮಣ್ಣಿಗೆ ಏನೂ ಮಾಡುವುದಿಲ್ಲ. ಆದರೆ ಕೊನೆಯ ಒರೆಸುವಿಕೆಗೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಹತ್ತು ಮಿಲಿ ಬಟ್ಟೆಗೆ ಹಾಕಿ ಒಂದೊಂದೇ ಪೆಡಲ್ ಒರೆಸಿದರೆ ಉಳಿದ ಎಣ್ಣೆ ಪಸೆ ಬಟ್ಟೆಗೆ ಬರುತ್ತದೆ, ದ್ರವ ನಿಮಿಷದೊಳಗೆ ಆರಿಹೋಗುತ್ತದೆ, ಏನೂ ಉಳಿಯುವುದಿಲ್ಲ. ಬೆಂಕಿಗೆ ಬೇಗ ಹತ್ತುವ ವಸ್ತು. ಹತ್ತಿರ ಬೀಡಿ, ಸಿಗರೇಟು ಬೇಡ, ಡ್ಯಾಶ್‌ಬೋರ್ಡಿನ ದೇವರಿಗೆ ಹಚ್ಚಿದ ಊದುಬತ್ತಿಯೂ ಆರಿರಲಿ.

ಪಸೆ ಹೋಯಿತೇ ಇಲ್ಲವೇ ಎಂದು ನೋಡಲು ಒಂದು ಹನಿ ನೀರು ಸಾಕು. ಬೆರಳ ತುದಿಯಿಂದ ತಗಡಿನ ಮೇಲಂಚಿಗೆ ಬಿಡಿ. ಪೆಡಲ್ ಓರೆಯಾಗಿರುವುದರಿಂದ ಹನಿ ಕೆಳಗಿಳಿಯುತ್ತದೆ, ಇಳಿದ ದಾರಿಯನ್ನು ಟಾರ್ಚ್ ಬೆಳಕಲ್ಲಿ ನೋಡಿ. ದಾರಿಯುದ್ದಕ್ಕೂ ತೇವದ ಪಟ್ಟಿ ಕಡಿಯದೆ ಉಳಿದಿದ್ದರೆ ಲೋಹ ಚೊಕ್ಕವಾಗಿದೆ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಗಾಗಿ ಉರುಳಿ, ಹಿಂದೆ ಒಣ ಲೋಹ ಬಿಟ್ಟು ಹೋದರೆ ಇನ್ನೂ ಎಣ್ಣೆಯೋ ಸಿಲಿಕೋನೋ ಇದೆ, ಆಲ್ಕೊಹಾಲ್ ಬಟ್ಟೆ ಇನ್ನೊಮ್ಮೆ ಬೇಕು. ಬರಿ ಲೋಹಕ್ಕೆ ಮಾತ್ರ ಈ ಪರೀಕ್ಷೆ. ಬಣ್ಣ ಅಥವಾ ಲ್ಯಾಕರ್ (ಪಾರದರ್ಶಕ ಲೇಪ) ಇರುವ ಕಡೆ ನೀರು ಹೇಗೂ ಗುಂಡಗಾಗುತ್ತದೆ.

ಡಬ್ಲ್ಯೂಡಿ-40 ಪ್ರತಿ ಗ್ಯಾರೇಜಿನಲ್ಲೂ ಇರುವ ನೀಲಿ-ಹಳದಿ ಡಬ್ಬಿ, ಅದಕ್ಕೇ ಪೆಡಲಿಗೂ ಅದನ್ನೇ ಹೊಡೆಯುತ್ತಾರೆ. 1953ರಲ್ಲಿ ಅಮೆರಿಕದಲ್ಲಿ ಅದನ್ನು ಮಾಡಿದ್ದು ಲೋಹದ ಮೇಲಿಂದ ನೀರನ್ನು ಸರಿಸಿ ತುಕ್ಕು ತಡೆಯಲು. ಹೆಸರಿನ ಡಬ್ಲ್ಯೂಡಿ ಎಂದರೂ ಅದೇ, ನೀರು ಸರಿಸುವುದು. ನೀರು ಸರಿಸಿ ಆ ಜಾಗದಲ್ಲಿ ತೆಳು ಎಣ್ಣೆ ಕೂರಿಸುವುದೇ ಅದರ ಕಸುಬು, ಆ ಕಸುಬಿನಲ್ಲಿ ಅದು ಉತ್ತಮ. ಕಾಲಿಡುವ ಜಾಗದಲ್ಲಿ ಆ ಗುಣವೇ ದೋಷವಾಗುತ್ತದೆ. ಹೊಡೆದ ಕೂಡಲೆ ಕೊಳೆ ಕರಗಿ, ಲೋಹ ಹೊಸದರಂತೆ ಮಿಂಚುವುದು ನೋಡಿ ಜನ ತೃಪ್ತರಾಗುತ್ತಾರೆ. ಆ ಮಿಂಚಿನಲ್ಲಿ ಅರ್ಧ ಎಣ್ಣೆಯದು. ಅಂಟಿದ ಡಾಂಬರಿನ ಚುಕ್ಕೆ ಅಥವಾ ಹಳೆ ಸ್ಟಿಕರಿನ ಗೋಂದು ಇದ್ದರೆ ಮಾತ್ರ ಬಟ್ಟೆಯ ಮೂಲೆಗೆ ಸ್ವಲ್ಪ ಹಾಕಿ ಆ ಚುಕ್ಕೆಯನ್ನಷ್ಟೇ ತೆಗೆದು, ಬಳಿಕ ಸೋಪುನೀರು, ಆಲ್ಕೊಹಾಲ್ ಎರಡನ್ನೂ ತಪ್ಪದೆ ಮಾಡಿ. ಕಿರುಗುಡುವ ಪೆಡಲಿನ ಕೀಲಿಗೂ ಇದನ್ನು ಹೊಡೆಯುವುದು ಸರಿಯಲ್ಲ. ಕೆಲವೇ ದಿನಕ್ಕೆ ಆರಿಹೋಗುತ್ತದೆ, ತೊಟ್ಟಿಕ್ಕಿದ್ದು ಪೆಡಲ್ ಮುಖಕ್ಕೇ ಬರುತ್ತದೆ. ಕೀಲಿಗೆ ಬೆರಳ ತುದಿಯಷ್ಟು ಬಿಳಿ ಗ್ರೀಸು ಸಾಕು.

ಬ್ರೇಕ್ ಕ್ಲೀನರ್ ಸ್ಪ್ರೇ ಡಿಸ್ಕು, ಡ್ರಮ್ಮುಗಳಿಗೆ ಮಾಡಿದ್ದು, ಏನೂ ಉಳಿಸದೆ ಆರುತ್ತದೆ. ಆ ದೃಷ್ಟಿಯಿಂದ ಪೂರಾ ಅಂಕ. ಆದರೆ ಮುಚ್ಚಿದ ಕ್ಯಾಬಿನ್ನಿನಲ್ಲಿ ಅದರ ಆವಿ ತಲೆ ಸುತ್ತಿಸುತ್ತದೆ, ಪೆಡಲ್ ತೋಳಿನ ಬಣ್ಣ ಕರಗಿಸುತ್ತದೆ, ರಬ್ಬರ್ ಗುಂಡಿಯನ್ನು ಉಬ್ಬಿಸಿ ತೂತಿನಿಂದ ಹೊರಬರಿಸುತ್ತದೆ, ಪಕ್ಕದ ಪ್ಲಾಸ್ಟಿಕ್ಕಿನ ಮೇಲೆ ಬಿದ್ದರೆ ಬೆಳ್ಳಗೆ ಕಲೆ ಮಾಡುತ್ತದೆ. ತಗಡನ್ನು ಕಳಚಿ, ರಬ್ಬರ್ ಬಿಚ್ಚಿ, ಹೊರಗೆ ಅಂಗಳದಲ್ಲಿ ತೊಳೆಯುವವರಿಗೆ ಸರಿ. ಕಾರಿನೊಳಗೆ ಬೇಡ.

ಆಟೊಸಾಲ್ ಜರ್ಮನಿಯ ಪೇಸ್ಟು, 75 ಮಿಲಿಯ ಟ್ಯೂಬು. ಮಂಕಾದ ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಎರಡಕ್ಕೂ ಇದರಿಂದ ಬರುವ ಹೊಳಪು ನಿಜಕ್ಕೂ ಚೆನ್ನ. ಬಟಾಣಿಯಷ್ಟು ಪೇಸ್ಟು ಒಂದು ಪೆಡಲಿಗೆ ಧಾರಾಳ. ಬಟ್ಟೆ ಕಪ್ಪಾಗುವುದು ಕೊಳೆಯಿಂದ ಮಾತ್ರವಲ್ಲ, ಸವೆದ ಲೋಹದಿಂದಲೂ ಹೌದು, ಅದರಲ್ಲಿ ನಯವಾದ ಅರೆಯುವ ಪುಡಿ ಇದೆ. ಅದಕ್ಕೇ ನಮ್ಮ ಮಾತು: ತಗಡಿನ ಅಂಚಿಗೆ, ಎಡಗಾಲು ಇಡುವ ಫುಟ್‌ರೆಸ್ಟಿಗೆ ಹಚ್ಚಿ, ಬ್ರೇಕ್ ಮತ್ತು ಕ್ಲಚ್ಚಿನ ಮುಖಕ್ಕೆ ಬೇಡ. ಕನ್ನಡಿಯಂತೆ ನುಣುಪಾದ ಲೋಹವನ್ನು ಚಪ್ಪಲಿಯ ಅಡಿ ಹಿಡಿಯುವುದಿಲ್ಲ. ಆನೊಡೈಸ್ ಮಾಡಿದ, ಅಂದರೆ ವಿದ್ಯುತ್ತಿನಿಂದ ಮೇಲೆ ರಕ್ಷಣೆಯ ಪದರ ಬೆಳೆಸಿದ, ಅಲ್ಯೂಮಿನಿಯಂ ಆದರೆ ಮೇಲಿನ ಪದರ ಅಲ್ಲಲ್ಲಿ ಸವೆದು ತೇಪೆ ಹಾಕಿದಂತೆ ಕಾಣುತ್ತದೆ, ಅಲ್ಲಿ ಪಾಲಿಶ್ ಮುಟ್ಟಿಸಲೇಬೇಡಿ.

ಮನೆಯ ಉಪಾಯಗಳಲ್ಲಿ ಹೆಚ್ಚಿನವು ಹಿತ್ತಾಳೆಯ ದೀಪಕ್ಕೆ ಒಳ್ಳೆಯವು, ಇಲ್ಲಿಗಲ್ಲ. ಹುಣಸೆಹುಳಿ, ಉಪ್ಪು ಕಲಸಿ ತಿಕ್ಕಿದರೆ ತಾಮ್ರ ಹೊಳೆಯುತ್ತದೆ ನಿಜ, ಪೆಡಲಿನ ಸಂದಿಯಲ್ಲಿ ಉಳಿದ ಹುಳಿ, ಉಪ್ಪು ಅಲ್ಯೂಮಿನಿಯಂಗೆ ಗುಳಿ ಬೀಳಿಸುತ್ತದೆ, ಉಕ್ಕಿಗೆ ತುಕ್ಕು ತರುತ್ತದೆ. ಪಿತಾಂಬರಿ ಪುಡಿಯನ್ನೂ ತಾಮ್ರ-ಹಿತ್ತಾಳೆಗೇ ಇಟ್ಟುಕೊಳ್ಳಿ. ಶೌಚಾಲಯ ತೊಳೆಯುವ ಆಸಿಡ್ ದ್ರವದಲ್ಲಿ ಹೈಡ್ರೊಕ್ಲೋರಿಕ್ ಆಮ್ಲ ಇರುತ್ತದೆ, ಅದು ಮೂರೂ ಬಗೆಯ ಲೋಹವನ್ನು ಹಾಳುಮಾಡುತ್ತದೆ, ಸ್ಟೇನ್‌ಲೆಸ್ಸನ್ನೂ ಬಿಡುವುದಿಲ್ಲ. ಚಿಮಣಿ, ಓವನ್ ತೊಳೆಯುವ ಕಾಸ್ಟಿಕ್ ದ್ರವ ಉಕ್ಕಿನ ಜಿಡ್ಡನ್ನು ಚೆನ್ನಾಗಿ ಕಿತ್ತರೂ ಅಲ್ಯೂಮಿನಿಯಂ ಮೇಲೆ ಬಿದ್ದರೆ ನೊರೆಯೆದ್ದು ಲೋಹವೇ ಕರಗಿ ಬೂದುಕಪ್ಪಾಗುತ್ತದೆ. ಆ ಕಪ್ಪನ್ನು ಕೊಳೆಯೆಂದು ತಿಳಿದು ಮತ್ತೆ ಹಾಕುವವರುಂಟು, ಇನ್ನಷ್ಟು ಕಪ್ಪಾಗುತ್ತದೆ. ಇಂಜಿನ್ ಡಿಗ್ರೀಸರುಗಳಲ್ಲೂ ಕ್ಷಾರದವು ಹಲವಿವೆ, ಡಬ್ಬಿಯ ಮೇಲೆ ಅಲ್ಯೂಮಿನಿಯಂಗೆ ಸುರಕ್ಷಿತ ಎಂದು ಬರೆದಿಲ್ಲದಿದ್ದರೆ ಬಿಡಿ. ಸೀಮೆಎಣ್ಣೆ ಜಿಡ್ಡು ಕರಗಿಸಿ ತನ್ನ ಜಿಡ್ಡು ಬಿಡುತ್ತದೆ, ವಾಸನೆ ವಾರವಾದರೂ ಹೋಗುವುದಿಲ್ಲ. ಪೆಟ್ರೋಲ್ ಮಾತೇ ಬೇಡ.

ಉಜ್ಜುವ ಸಾಮಾನಿನಲ್ಲೂ ಆಯ್ಕೆ ಮುಖ್ಯ. ಹಸಿರು ಸ್ಕಾಚ್-ಬ್ರೈಟ್ ಅಲ್ಯೂಮಿನಿಯಂನ ಮೇಲೆ ಗೀರು ಹಾಕುತ್ತದೆ. ಸ್ಟೀಲ್ ಉಣ್ಣೆ ಇನ್ನೂ ಕೆಟ್ಟದ್ದು. ಅದರ ಸಣ್ಣ ಎಳೆಗಳು ಮುರಿದು ತಗಡಿನಲ್ಲಿ ಚುಚ್ಚಿಕೊಂಡು, ಒಂದು ಮಳೆಗೆ ಕಿತ್ತಳೆ ಬಣ್ಣದ ಚುಕ್ಕಿಗಳಾಗಿ ತುಕ್ಕು ಹಿಡಿಯುತ್ತವೆ. ಆಗ ಸ್ಟೇನ್‌ಲೆಸ್ಸೇ ಕಳಪೆ ಎಂದು ಬೈಯುತ್ತಾರೆ. ನೈಲಾನ್ ಬ್ರಷ್ ಸಾಕು. ಹಿತ್ತಾಳೆ ತಂತಿಯ ಬ್ರಷ್ ಉಕ್ಕಿನ ತೋಳಿಗೆ ಮಾತ್ರ. ಮಸ್ಜಿದ್ ಸ್ಟೇಶನ್ನಿನ ಹತ್ತಿರದ ನಾಗದೇವಿ ಸ್ಟ್ರೀಟಿನಲ್ಲಿ ಬ್ರಷ್, ಎಮರಿ ಪೇಪರ್ ಎಲ್ಲ ಬಿಡಿಯಾಗಿ ಸಿಗುತ್ತದೆ. ಪುಣೆಯವರಿಗೆ ರವಿವಾರ ಪೇಟೆಯ ಬೋಹ್ರಿ ಆಳಿ ಇದೆ.

ರಬ್ಬರ್ ಪ್ಯಾಡಿನ ಕಾರಾದರೆ ಪ್ಯಾಡ್ ಮೇಲೆ ಮಾತ್ರ ತೊಳೆದು ಮುಗಿಸಬೇಡಿ, ನಿಜವಾದ ಹಾಳು ಅದರ ಅಡಿಯಲ್ಲಿದೆ. ಪ್ಯಾಡಿನ ಅಂಚು ತಗಡನ್ನು ಸುತ್ತ ಹಿಡಿದಿರುತ್ತದೆ. ಕೆಳಗಿನ ಒಂದು ಮೂಲೆಯಿಂದ ಹೆಬ್ಬೆರಳಲ್ಲಿ ಹೊರಳಿಸಿ ಬಿಡಿಸಿ. ವರ್ಷಗಟ್ಟಲೆ ಒಳಗೆ ನಿಂತ ಮಳೆನೀರು ತಗಡನ್ನು ತುಕ್ಕಿನ ಹಪ್ಪಳವಾಗಿಸಿರುತ್ತದೆ. ಏಳುವ ತುಕ್ಕನ್ನು ತಂತಿ ಬ್ರಷ್ಷಿನಿಂದ ಉದುರಿಸಿ, 120 ನಂಬರಿನ ಎಮರಿ ಪೇಪರಿನಲ್ಲಿ ಉಜ್ಜಿ, ಆಲ್ಕೊಹಾಲ್ ಬಟ್ಟೆಯಲ್ಲಿ ಒರೆಸಿ. ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ತೆಳುವಾಗಿ ಹಚ್ಚಿ ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಬಿಟ್ಟರೆ ತುಕ್ಕು ಕಪ್ಪಾಗಿ ಗಟ್ಟಿಯಾಗುತ್ತದೆ. ಮೇಲೆ ರೆಡ್ ಆಕ್ಸೈಡ್ ಪ್ರೈಮರ್, ಅದು ಒಣಗಿದ ಮೇಲೆ ಕಪ್ಪು ಎನಾಮೆಲ್. ಕೀಲಿಗೆ ಬಣ್ಣ ತಾಗಬಾರದು, ತಾಗಿದರೆ ಪೆಡಲ್ ಹಿಂದಿರುಗಲು ತಡವರಿಸುತ್ತದೆ. ತಗಡು ತೋಳಿಗೆ ಬೆಸುಗೆಯಾದ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬಣ್ಣ ಹೊಡೆದು ಮುಚ್ಚದೆ ಪೆಡಲ್ಲನ್ನೇ ಬದಲಿಸಬೇಕು. ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಹಳೆ ಕಾರುಗಳ ಬಿಡಿಭಾಗಗಳನ್ನು ಹುಡುಕಬಹುದು. ಅಲ್ಲಿಂದ ತರುವ ಪೆಡಲ್ಲಿನ ಬೆಸುಗೆಯನ್ನೂ ಹೀಗೇ ಟಾರ್ಚ್ ಹಾಕಿ ನೋಡಿ ತನ್ನಿ.

ಹಳೆ ಪ್ಯಾಡಿನ ಗೆರೆ ಸವೆದು ನುಣುಪಾಗಿದ್ದರೆ, ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾಗಿದ್ದರೆ, ಹೊಸದು ಹಾಕಿ. ಮಾಮೂಲಿ ಮಾದರಿಗಳಿಗೆ ಇದು ಬಹಳ ಅಗ್ಗದ ಭಾಗ, ಇದರಲ್ಲಿ ಉಳಿಸುವುದೇನಿಲ್ಲ. ಹಾಕುವಾಗ ಪ್ಯಾಡನ್ನು ಬಿಸಿನೀರಲ್ಲಿ ಐದು ನಿಮಿಷ ಮೆತ್ತಗಾಗಿಸಿ, ಬರಿ ನೀರು ಹಚ್ಚಿ ಏರಿಸಿ. ಬೇಗ ಏರಲಿ ಎಂದು ಗ್ರೀಸೋ ತೆಂಗಿನೆಣ್ಣೆಯೋ ಹಚ್ಚಿದರೆ ಬ್ರೇಕ್ ಒತ್ತುವಾಗ ಪ್ಯಾಡೇ ಕಳಚಿಕೊಳ್ಳುತ್ತದೆ.

ಡಬ್ಬಿಗಳ ಸಾಲಿನಲ್ಲಿ ಅತಿ ಕಡಿಮೆ ಅಂಕ ಡ್ಯಾಶ್‌ಬೋರ್ಡ್ ಮತ್ತು ಟೈರ್ ಹೊಳಪಿಸುವ ಸಿಲಿಕೋನ್ ಪಾಲಿಶ್‌ಗೆ. ಅದು ತನ್ನ ಜಾಗದಲ್ಲಿ ಕೆಟ್ಟದ್ದಲ್ಲ. ಬಿಲ್ಡಿಂಗಿನಲ್ಲಿ ತಿಂಗಳ ಲೆಕ್ಕಕ್ಕೆ ಕಾರು ಒರೆಸುವ ಹುಡುಗರು ಯಜಮಾನರಿಗೆ ಖುಷಿಯಾಗಲೆಂದು ಒಂದೇ ಬಟ್ಟೆಯಲ್ಲಿ ಡ್ಯಾಶ್‌ಬೋರ್ಡ್, ಬಾಗಿಲು, ಕೊನೆಗೆ ಪೆಡಲ್ ರಬ್ಬರನ್ನೂ ಒರೆಸಿಬಿಡುತ್ತಾರೆ. ಸಿಲಿಕೋನ್ ರಬ್ಬರಿನೊಳಗೆ ಇಳಿದರೆ ಒಂದು ಸಲ ತೊಳೆದರೆ ಹೋಗುವುದಿಲ್ಲ, ಸೋಪುನೀರು, ಆಲ್ಕೊಹಾಲ್ ಎರಡನ್ನೂ ಮೂರು ನಾಲ್ಕು ಸಲ ಮಾಡಬೇಕಾಗುತ್ತದೆ. ಅವರಿಗೆ ಬೈಯುವ ಅಗತ್ಯವಿಲ್ಲ, ಯಾರೂ ಹೇಳಿಕೊಟ್ಟಿರುವುದಿಲ್ಲ. "ಪೆಡಲ್ ಕೋ ಪಾಲಿಶ್ ನಹೀ ಲಗಾನಾ, ಸಿರ್ಫ್ ಪಾನೀ" (ಪೆಡಲಿಗೆ ಪಾಲಿಶ್ ಹಚ್ಚಬೇಡ, ಬರಿ ನೀರು) ಎಂದು ಒಮ್ಮೆ ಎದುರಿಗೆ ನಿಂತು ತೋರಿಸಿದರೆ ಸಾಕು.

ತೊಳೆಯುವ ತಾಪತ್ರಯವೇ ಬೇಡವೆಂದು ಮೇಲಿಂದ ಹಾಕುವ ಹೊಳೆಯುವ ಪೆಡಲ್ ಕವರ್‌ಗಳನ್ನೂ ಆಕ್ಸೆಸರಿ ಅಂಗಡಿಯವರು ತೋರಿಸುತ್ತಾರೆ. ಕ್ಲಾಂಪಿನಿಂದ ಹಿಡಿಸುವ ಮಾದರಿಯನ್ನು ನಾವು ಯಾರಿಗೂ ಹೇಳುವುದಿಲ್ಲ. ದಿನಕ್ಕೆ ನೂರಾರು ಸಲ ಒತ್ತಿ ಬಿಡುವಾಗ ತಿರುಪು ಸಡಿಲವಾಗಿ ಕವರ್ ಓರೆಯಾಗುತ್ತದೆ, ಬ್ರೇಕಿನ ಅಂಚು ಆಕ್ಸಿಲರೇಟರಿನ ಹತ್ತಿರ ಸರಿದು ಒಂದೇ ಚಪ್ಪಲಿ ಎರಡನ್ನೂ ಒತ್ತುತ್ತದೆ. ಅಗ್ಗದವುಗಳಲ್ಲಿ ಕ್ರೋಮ್ ಲೇಪ ಎದ್ದು ಅಂಚು ಬ್ಲೇಡಿನಂತಾಗುತ್ತದೆ. ಈಗಾಗಲೇ ಹಾಕಿಸಿದ್ದರೆ ತೊಳೆಯುವ ದಿನ ಬಿಚ್ಚಿ ಇಡಿ. ಅಡಿಯಲ್ಲಿ ಸಿಗುವ ಕೆಸರು, ತುಕ್ಕು ನೋಡಿದರೆ ಮತ್ತೆ ಹಾಕುವ ಮನಸ್ಸಾಗುವುದಿಲ್ಲ.

ಎಲ್ಲ ಒಣಗಿದ ಮೇಲೆ ಬಿಳಿ ಬಟ್ಟೆಯಲ್ಲಿ ಒತ್ತಿ ಉಜ್ಜಿ, ಕಪ್ಪು ಹತ್ತಬಾರದು. ಸ್ವಿಚ್ಚಿಗೆ ಸುತ್ತಿದ ಪ್ಲಾಸ್ಟಿಕ್ ತೆಗೆಯುವುದನ್ನು ಮರೆಯಬೇಡಿ, ಅದು ಪೆಡಲಿನ ಹಿಂದೆ ಸಿಕ್ಕಿಕೊಂಡರೆ ತೊಂದರೆ. ಬ್ರೇಕ್ ಒತ್ತಿ, ಪಾರ್ಕಿಂಗಿನ ಗೋಡೆಯ ಮೇಲೆ ಹಿಂದಿನ ಎರಡೂ ಲೈಟು ಕೆಂಪಗೆ ಬಿದ್ದು, ಬಿಟ್ಟ ಕೂಡಲೆ ಆರುತ್ತವೆಯೇ ನೋಡಿ. ಇಂಜಿನ್ ಬಂದ್ ಇರುವಾಗ ನಾಲ್ಕೈದು ಸಲ ಒತ್ತಿ ಗಟ್ಟಿಯಾದ ಪೆಡಲನ್ನು ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಬೂಸ್ಟರ್ ಇರುವ ಕಾರಿನಲ್ಲಿ ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಮ್ಯಾಟನ್ನು ಅದರ ಕೊಕ್ಕೆಗೆ ಸಿಕ್ಕಿಸಿ, ಮೂರೂ ಪೆಡಲ್ ಕೈಯಿಂದ ತಳದವರೆಗೆ ಒತ್ತಿ, ಎಲ್ಲೂ ಮ್ಯಾಟ್ ತಾಗುವುದಿಲ್ಲವೆಂದು ಖಚಿತ ಮಾಡಿಕೊಳ್ಳಿ. ಕೊನೆಗೆ ಚಪ್ಪಲಿಯ ಅಡಿಯನ್ನು ನೀರಿನಿಂದ ಒದ್ದೆ ಮಾಡಿ ಬ್ರೇಕ್ ಮೇಲಿಟ್ಟು ಪಕ್ಕಕ್ಕೆ ತಳ್ಳಿ ನೋಡಿ. ಜಾರಿದರೆ ಆಲ್ಕೊಹಾಲ್ ಬಟ್ಟೆ ಮತ್ತೊಮ್ಮೆ. ಆಮೇಲೆ ಬಿಲ್ಡಿಂಗಿನ ಕಾಂಪೌಂಡಿನೊಳಗೇ ನಡಿಗೆಯ ವೇಗದಲ್ಲಿ ಮೂರು ಸಲ ಬ್ರೇಕ್ ಹಾಕಿ ನೋಡಿ, ಅಷ್ಟಾದ ಮೇಲೆ ಗೇಟಿನಿಂದ ಹೊರಗೆ ತೆಗೆಯಿರಿ.